ಕಾಫಿ ಬೆಟ್ಟಗಳಲ್ಲಿ ತಾಯಿಯ ರಕ್ಷಣೆ



ಬಾಬಾಬುಡನ್ ಗಿರಿಗೆ ಕಾಫಿ ಬಂದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಆ ಹಣ್ಣನ್ನು ಕೊಯ್ದ ಹೆಂಗಸರ ಬಸುರಿ ಬಾಣಂತನಗಳನ್ನು ಯಾರು ನೋಡಿಕೊಂಡರೆಂಬ ಕಥೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದನ್ನು ಇಂದು ಸಂಗ್ರಹವಾಗಿ ನಿವೇದಿಸುತ್ತೇನೆ.

1947ರವರೆಗೆ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಈ ಸೀಮೆಯಲ್ಲಿ ಹೆರಿಗೆಯೆಂಬುದು ಬಹುಮಟ್ಟಿಗೆ ಸೂಲಗಿತ್ತಿಯ ಕೈಯಲ್ಲಿದ್ದಿತು. ಮೈಸೂರು ಸಂಸ್ಥಾನದಲ್ಲಿ ಸ್ಥಳೀಯ ನಿಧಿಯ, ಎಂದರೆ ಲೋಕಲ್ ಫಂಡಿನ ಹಣದಿಂದ ಔಷಧಶಾಲೆಗಳು ನಡೆಯುತ್ತಿದ್ದುವು. 1926ರ ಶಾಸನಗಳು ಜಿಲ್ಲಾ ಬೋರ್ಡುಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಹೊಸ ರೂಪವನ್ನು ಕೊಟ್ಟುವು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಆದರೆ ಕಳಸದ ಗರ್ಭಿಣಿಗೆ ಬೆಂಗಳೂರಿನ ಮಾತಿರಲಿ, ಮೂಡಿಗೆರೆಯೇ ದೂರದ ಊರು.

ಮಲೆನಾಡಿನ ತಾಯಂದಿರಿಗೆ ಚಳಿಜ್ವರವು ಪರಮ ಶತ್ರುವಾಗಿದ್ದಿತು. ಬಸುರಿಯನ್ನು ಮಲೇರಿಯ ಹಿಡಿದರೆ ರಕ್ತ ಕುಂದುತ್ತದೆ, ಗರ್ಭಪಾತವಾಗಬಹುದು, ಶಿಶುವು ತೂಕವಿಲ್ಲದೆ ಹುಟ್ಟಬಹುದು. ರಕ್ತಹೀನಳಾದವಳಿಗೆ ಹೆರಿಗೆಯ ಅಲ್ಪ ರಕ್ತಸ್ರಾವವೂ ಪ್ರಾಣಕ್ಕೆ ಮುಳುವಾದೀತು. 1930ರ ಸುಮಾರಿಗೆ ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯ ಸಂಶೋಧನೆ ನಡೆದ ಸ್ಥಳಗಳಲ್ಲಿ ಮೂಡಿಗೆರೆಯೂ ಒಂದು. ಬೆಟ್ಟದ ತೊರೆಗಳಂಚಿನಲ್ಲಿ ಬೆಳೆಯುವ ಸೊಳ್ಳೆ ಇಲ್ಲಿ ರೋಗವನ್ನು ಹರಡುತ್ತಿದ್ದಿತು. ಆದುದರಿಂದ ತೊರೆಯಂಚನ್ನು ಶುಚಿಯಾಗಿಡುವ ಕೆಲಸವೂ ಒಂದು ಬಗೆಯ ತಾಯಿಯ ಶುಶ್ರೂಷೆಯೇ ಆಗಿದ್ದಿತು.

ಸ್ವಾತಂತ್ರ್ಯಾನಂತರ 1951ರ ತೋಟಗಾರಿಕೆ ಕಾರ್ಮಿಕರ ಶಾಸನವು ಕೂಲಿಕಾರರ ವೈದ್ಯೋಪಚಾರದ ಭಾರವನ್ನು ಎಸ್ಟೇಟಿನ ಒಡೆಯರ ಮೇಲೆ ಹೊರಿಸಿತು. ಆದರೆ ಅದು ಮೊದಲು ಅನ್ವಯಿಸಿದುದು 25 ಎಕರೆಗೆ ಕಡಮೆಯಿಲ್ಲದ, 30 ಜನರಾದರೂ ದುಡಿಯುವ ತೋಟಗಳಿಗೆ. 1981ರ ತಿದ್ದುಪಡಿಯು ಈ ಮಿತಿಯನ್ನು 5 ಹೆಕ್ಟೇರಿಗೂ 15 ಜನಕ್ಕೂ ಇಳಿಸಿತು. ಸಣ್ಣ ಹಿಡುವಳಿಗಳೇ ಹೆಚ್ಚಾಗಿರುವ ಈ ನಾಡಿನಲ್ಲಿ ಆಗಲೂ ಎಷ್ಟೋ ಹೆಂಗಸರು ಹೊರಗೆ ಉಳಿದರು. 1961ರ ಹೆರಿಗೆ ಸೌಲಭ್ಯ ಶಾಸನವೂ ಒಬ್ಬ ಒಡೆಯನ ಬಳಿ ಇಂತಿಷ್ಟು ದಿನ ದುಡಿದಿರಬೇಕೆಂದು ವಿಧಿಸಿತು. 1988ರ ತಿದ್ದುಪಡಿಯು ಆ ಅವಧಿಯನ್ನು 80 ದಿನಕ್ಕೆ ಇಳಿಸಿತು. ಕೊಯ್ಲಿಗೆಂದು ತೋಟದಿಂದ ತೋಟಕ್ಕೆ ಅಲೆಯುವವಳು ಆ ಲೆಕ್ಕವನ್ನು ತುಂಬಿಕೊಡುವುದು ಹೇಗೆ?

ಒಡೆಯನ ಹೊಣೆ ಮುಗಿಯುವಲ್ಲಿ ಊರಿನ ಹೊಣೆ ಮೊದಲಾಗಬೇಕು. 1983ರ ಶಾಸನದಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಕೆಲಸಕ್ಕೆ ತೊಡಗಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅವುಗಳ ಆಡಳಿತಕ್ಕೆ ಬಂದುವು. 1993ರ ಪಂಚಾಯತ್ ರಾಜ್ ಶಾಸನವು ಜಿಲ್ಲಾ ಪಂಚಾಯತಿಗಳನ್ನು ಸ್ಥಾಪಿಸಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆಯೂ ಆಶಾ ಕಾರ್ಯಕರ್ತೆಯರ ಏರ್ಪಾಡೂ ಮೊದಲಾದುವು. ಗರ್ಭಿಣಿಯನ್ನು ಮೊದಲೇ ಗುರುತಿಸಿ, ರಕ್ತಪರೀಕ್ಷೆ ಮಾಡಿಸಿ, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು ಅವುಗಳ ಆಶಯ.

ಆದರೆ ಆಸ್ಪತ್ರೆಗೆ ದಾರಿ ಬೇಡವೆ? ಭದ್ರೆ ಉಕ್ಕಿ ಕಳಸದ ಬಳಿಯ ಹೆಬ್ಬಾಳೆ ಸೇತುವೆ ಮುಳುಗಿದ ವಾರ್ತೆಯನ್ನು ಎಷ್ಟೋ ಮಳೆಗಾಲಗಳಲ್ಲಿ ಕೇಳಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ಸೇತುವೆಯ ವೆಚ್ಚ ಒಂದು ಪುಟದಲ್ಲಿ, ಹೆರಿಗೆಯ ವೆಚ್ಚ ಮತ್ತೊಂದರಲ್ಲಿ ಇರಬಹುದು. ಆಷಾಢದ ರಾತ್ರಿಯಲ್ಲಿ ನೋವು ತಿನ್ನುತ್ತಿರುವ ತುಂಬು ಗರ್ಭಿಣಿಗೆ ಅವೆರಡೂ ಒಂದೇ. ಸ್ಥಳೀಯ ಸಂಸ್ಥೆಗಳನ್ನು ನಡೆಸುವವರೂ, ಅವರನ್ನು ಚುನಾಯಿಸುವ ನಾವೂ ಇದನ್ನು ಮರೆಯಲಾಗದು.