ಕೆವಿಎಂ ಸ್ವಿಚ್

ಒಂದೇ ಕೀಲಿಮಣೆ, ಒಂದೇ ಪರದೆ, ಒಂದೇ ಮೌಸ್‌ಗಳಿಂದ ಹಲವು ಗಣಕಯಂತ್ರಗಳನ್ನು ಸರದಿಯಂತೆ ನಿಯಂತ್ರಿಸಲು ನೆರವಾಗುವ ಉಪಕರಣ. ಯಂತ್ರಗಳೆಲ್ಲವುಗಳ ಕೇಬಲುಗಳೂ ಇದರಲ್ಲಿ ಬಂದು ಸೇರುತ್ತವೆ. ಗುಂಡಿಯನ್ನೊತ್ತಿ, ಇಲ್ಲವೆ ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಬಾರಿ ಒತ್ತುವಂತಹ ಸಂಕೇತದಿಂದ, ಬೇಕಾದ ಯಂತ್ರವನ್ನು ಆರಿಸಿಕೊಳ್ಳಬಹುದು.

ಆರಂಭಕಾಲದ ಸ್ವಿಚ್ಚುಗಳು ತಿರುಗುಗುಂಡಿಯಿಂದ ತಂತಿಗಳ ಸಂಪರ್ಕವನ್ನೇ ಬದಲಿಸುವ ಸರಳ ಪೆಟ್ಟಿಗೆಗಳಾಗಿದ್ದವು. ಆದರೆ ಅಂದಿನ ಪಿಸಿಗಳು ಚಾಲನೆಗೊಳ್ಳುವಾಗ ಕೀಲಿಮಣೆಯನ್ನು ಅರಸಿ, ಅದು ಕಾಣದಿದ್ದರೆ ದೋಷವನ್ನು ಸೂಚಿಸಿ ಸ್ತಬ್ಧವಾಗುವ ಸ್ವಭಾವದವಾಗಿದ್ದುದರಿಂದಲೂ, 1987ರಲ್ಲಿ ಐಬಿಎಂ ಬಳಕೆಗೆ ತಂದ ಪಿಎಸ್/2 ಜೋಡಣೆಯು ಯಂತ್ರವು ನಡೆಯುತ್ತಿರುವಾಗಲೇ ಕಳಚಿ ಕೂಡಿಸಲು ಉದ್ದೇಶಿತವಾದುದಲ್ಲವಾದುದರಿಂದಲೂ, ಇಂತಹ ಪೆಟ್ಟಿಗೆಗಳು ಅಸಮರ್ಪಕವೆನಿಸಿದವು. ಆದಕಾರಣ, ಕೀಲಿಮಣೆಯೂ ಮೌಸೂ ಸದಾ ತನಗೇ ಅಂಟಿಕೊಂಡಿರುವುವೆಂಬ ಪ್ರತೀತಿಯನ್ನು ಪ್ರತಿಯೊಂದು ಯಂತ್ರದಲ್ಲಿಯೂ ಉಂಟುಮಾಡುವ ವಿದ್ಯುನ್ಮಾನ ಸ್ವಿಚ್ಚುಗಳು ಬಂದವು. ಪರದೆಯು ತನ್ನ ಸಾಮರ್ಥ್ಯವನ್ನು ಗಣಕಕ್ಕೆ ತಿಳಿಸುವ ಇಡಿಐಡಿ ಎಂಬ ಮಾಹಿತಿಯನ್ನೂ ಉತ್ತಮ ಸ್ವಿಚ್ಚು ಹೀಗೆಯೇ ಒದಗಿಸುತ್ತದೆ. ಅದಿಲ್ಲದಿದ್ದಲ್ಲಿ ಪ್ರತಿ ಬದಲಾವಣೆಯಲ್ಲಿಯೂ ಕಿಟಕಿಗಳು ಸ್ಥಾನಪಲ್ಲಟಗೊಂಡು ಕೆಲಸದ ಏಕಾಗ್ರತೆಗೆ ಭಂಗ ಬರುವುದುಂಟು. ಈ ಅನುಕರಣಶಕ್ತಿಯೇ ಸ್ವಿಚ್ಚಿನ ಗುಣಕ್ಕೆ ನಿಜವಾದ ಒರೆಗಲ್ಲು. ಕೊಳ್ಳುವವರು ಬೆಲೆಗಿಂತ ಮೊದಲು ಇದನ್ನೇ ವಿಚಾರಿಸತಕ್ಕದ್ದು.

ಸರ್ವರ್ ಕೋಣೆಗಳಲ್ಲಿ ಇದರ ಉಪಯೋಗ ವ್ಯಾಪಕವಾದುದು. ದೂರದ ಊರಿನಿಂದಲೇ ಜಾಲದ ಮೂಲಕ ಯಂತ್ರವನ್ನು ನಡೆಸಲು ಐಪಿ ಆಧಾರಿತ ಪ್ರಭೇದಗಳೂ ಇವೆ.

ಸಿನರ್ಜಿಯಂತಹ ತಂತ್ರಾಂಶಗಳು ಕೀಲಿಮಣೆ ಮತ್ತು ಮೌಸ್‌ಗಳನ್ನು ಜಾಲದ ಮೂಲಕ ಹಂಚುವುವಾದರೂ, ಅಲ್ಲಿ ಪ್ರತಿ ಗಣಕಕ್ಕೂ ಸ್ವಂತ ಪರದೆ ಅವಶ್ಯಕ. ಮೇಲಾಗಿ, ಕಾರ್ಯಾಚರಣ ವ್ಯವಸ್ಥೆ ಎಚ್ಚತ್ತುಕೊಳ್ಳುವ ಮುನ್ನ ಅವು ನಿರುಪಯುಕ್ತವಾದುದರಿಂದ, ಬಯಾಸ್ ಹೊಂದಿಕೆಗಳನ್ನು ತಿದ್ದುವ ಕಾರ್ಯಕ್ಕೆ ಸ್ವಿಚ್ಚೇ ಬೇಕಾಗುತ್ತದೆ.