ಕಡಲತೀರಕ್ಕೆ ಸುತ್ತಿಗೆ, ಉಳಿ, ಗಾಜಿನ ಜಾಡಿ

1856ರ ಮೇ 8ರಂದು ಇಂಗ್ಲೆಂಡಿನ ಜೋಡಿಯೊಂದು ಡೆವನ್ ಕರಾವಳಿಯ ಇಲ್‌ಫ್ರಾಕೂಂಬ್ ಊರಿಗೆ ಹೊರಟಿತು. ಅವರ ಗಂಟುಮೂಟೆಯಲ್ಲಿ ಬುಟ್ಟಿ ತುಂಬ ಗಾಜಿನ ಜಾಡಿಗಳಿದ್ದವು. ಗಂಡಸು ವಿಮರ್ಶಕ ಜಾರ್ಜ್ ಹೆನ್ರಿ ಲೂಯಿಸ್. ಜೊತೆಗಿದ್ದಾಕೆ ಮೇರಿಯನ್ ಇವಾನ್ಸ್. ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಕಾದಂಬರಿಗಾರ್ತಿಯಾಗಿ ಪ್ರಸಿದ್ಧಳಾಗಲಿದ್ದ ಆಕೆ ಆಗಿನ್ನೂ ಒಂದು ಕತೆಯನ್ನೂ ಪ್ರಕಟಿಸಿರಲಿಲ್ಲ. ಜಾಡಿಗಳಿದ್ದುದು ಕಡಲ ಜೀವಿಗಳನ್ನು ಹಿಡಿದು ಸಾಕುವುದಕ್ಕೆ.

ಆ ದಶಕದಲ್ಲಿ ಇದು ಯಾರೂ ಬೆರಗಾಗುವ ಸಾಮಾನಾಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಆಂಗ್ಲರು ಸಮುದ್ರತೀರಕ್ಕೆ ಹೋಗತೊಡಗಿದ್ದು ವೈದ್ಯರ ಮಾತು ಕೇಳಿ. ಉಪ್ಪುನೀರಿನಲ್ಲಿ ಮುಳುಗುವುದಷ್ಟೇ ಅಲ್ಲ, ಅದನ್ನು ಕುಡಿಯುವುದೂ ಚಿಕಿತ್ಸೆಯಾಗಿತ್ತು! ರೈಲು ಬಂದ ಮೇಲೆ ಮಧ್ಯಮ ವರ್ಗದವರೂ ಹೊರಟರು. ಸ್ನಾನವೇನೋ ಬೇಗ ಮುಗಿಯುತ್ತಿತ್ತು; ಉಳಿದ ದಿನ ಕಳೆಯುವುದು ಹೇಗೆ?

ಉತ್ತರ ಕೊಟ್ಟವನು ಫಿಲಿಪ್ ಹೆನ್ರಿ ಗಾಸ್ ಎಂಬ ಜೀವಶಾಸ್ತ್ರಜ್ಞ. ಆರೋಗ್ಯ ಸುಧಾರಿಸಲೆಂದು 1852ರಲ್ಲಿ ಡೆವನ್‌ಗೆ ಹೋದ ಆತ, ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ಉಳಿಯುವ ಪುಟ್ಟ ಕೊಳಗಳ ಜೀವಲೋಕವನ್ನು ಮರುವರ್ಷ ಪುಸ್ತಕವಾಗಿಸಿದ. 1853ರಲ್ಲೇ ಲಂಡನ್ ಮೃಗಾಲಯ ಸಾರ್ವಜನಿಕರಿಗಾಗಿ ಮತ್ಸ್ಯಾಗಾರ ತೆರೆಯಿತು. ಅದಕ್ಕೆ ಅನೇಕ ಜೀವಿಗಳನ್ನು ಕಳಿಸಿದವನೂ ಗಾಸನೇ. 1854ರ ಅವನ ಇನ್ನೊಂದು ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಜನರ ಬಾಯಿಗೆ ಬಂತು.

ಕಾಲವೂ ಕೂಡಿ ಬಂದಿತ್ತು. 1845ರಲ್ಲಿ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. ಮೀನಿನ ಜೊತೆ ಜಲಸಸ್ಯವನ್ನೂ ಕೊಳೆತ ಎಲೆ ತಿನ್ನುವ ಬಸವನಹುಳುವನ್ನೂ ಇಟ್ಟರೆ ತೊಟ್ಟಿಯ ನೀರು ಬೇಗ ಕೆಡದೆಂದು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ತೋರಿಸಿಕೊಟ್ಟಿದ್ದ. ಸಸ್ಯ ಬಿಡುವ ಆಮ್ಲಜನಕ ಮೀನಿನ ಉಸಿರಿಗೆ ಒದಗುತ್ತಿತ್ತು. ಅದಕ್ಕೂ ಮುಂಚೆ, 1846ರಲ್ಲೇ, ಆನಾ ಥಿನ್ ಎಂಬ ಮಹಿಳೆ ಟಾರ್ಕಿಯ ಕಡಲಿನಿಂದ ಲಂಡನ್ನಿನ ಮನೆಗೆ ಹವಳದ ಜೀವಿಗಳನ್ನು ತಂದಿದ್ದಳು. ದಾರಿಯಲ್ಲಿ ಕುಲುಕಿ ಸಾಯದಿರಲೆಂದು ಅವನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು ಜಾಡಿಯಲ್ಲಿಟ್ಟಿದ್ದಳಂತೆ. ಮನೆಗೆ ಬಂದ ಮೇಲೆ ನೀರಿಗೆ ಗಾಳಿ ಸೇರಿಸುವ ಕೆಲಸ ಮನೆಗೆಲಸದಾಕೆಯ ಪಾಲಿಗೆ ಬಿತ್ತು. ತೆರೆದ ಕಿಟಕಿಯ ಬಳಿ ನಿಂತು, ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯುವುದು ಅವಳ ನಿತ್ಯದ ಚಾಕರಿ. ವಿಜ್ಞಾನದ ಚರಿತ್ರೆಯಲ್ಲಿ ಅವಳ ಹೆಸರಿಲ್ಲ.

ಜಾಡಿಗಿಂತ ವಿಚಿತ್ರವಾದದ್ದು ಸುತ್ತಿಗೆ ಮತ್ತು ಉಳಿ. ಜನರಿಗೆ ಅಚ್ಚುಮೆಚ್ಚಾದದ್ದು ಸೀ ಅನಿಮೋನ್ ಎಂಬ ಕಡಲಹೂವು. ನೋಡಲು ಹೂವಾದರೂ ಅದು ಪ್ರಾಣಿ. ಪಾದದಿಂದ ಬಂಡೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಳೆದರೆ ಪಾದ ಹರಿಯುತ್ತದೆ. ಆದ್ದರಿಂದ ಬಂಡೆಯನ್ನೇ ಒಡೆದು, ಚಕ್ಕೆಯ ಸಮೇತ ತೆಗೆಯಬೇಕಿತ್ತು. ಟೋಪಿ ಧರಿಸಿದ ಮಹನೀಯರು ರಜೆಯ ದಿನ ಕಲ್ಲುಕುಟಿಗರಂತೆ ಬಂಡೆ ಕುಟ್ಟುತ್ತ ಕೂತರು.

ಹೆಂಗಸರ ಸಾಮಾನಿಗೆ ಇನ್ನೊಂದು ವಸ್ತು ಸೇರಿತು. 1863ರಲ್ಲಿ ಕಡಲಪಾಚಿಗಳ ಕುರಿತು ಗ್ರಂಥ ಬರೆದ ಮಾರ್ಗರೆಟ್ ಗ್ಯಾಟಿ, ಬಂಡೆಯ ಮೇಲೆ ನಡೆಯಲು ಹುಡುಗರ ಬೇಟೆ ಬೂಟುಗಳೇ ಸರಿ, ಲಂಗ ಹರಡಿಗಿಂತ ಕೆಳಗೆ ಇಳಿಯಬಾರದು ಎಂದು ಬುದ್ಧಿ ಹೇಳಿದಳು. ಇದನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ವಿಶ್ವವಿದ್ಯಾಲಯದ ಪದವಿ ಹೆಣ್ಣಿಗೆ ಸಿಗದಿದ್ದ ಆ ನಾಡಿನಲ್ಲಿ ಕಡಲತೀರವೊಂದೇ ಅವರಿಗೆ ತೆರೆದಿದ್ದ ಪ್ರಯೋಗಶಾಲೆ ಎಂದರೂ ನಡೆದೀತು.

ಬೆಲೆ ತೆತ್ತದ್ದು ಬಂಡೆಯ ಕೊಳಗಳು. ಹಿಡಿದು ತಂದ ಜೀವಿಗಳು ದಿವಾನಖಾನೆಗಳಲ್ಲಿ ರಾಶಿಗಟ್ಟಲೆ ಸತ್ತವು. ಒಂದು ಸತ್ತರೆ ನೀರೆಲ್ಲ ಕೊಳೆತು ಉಳಿದವೂ ಸಾಯುತ್ತಿದ್ದವು. ಮತ್ತೆ ಬುಟ್ಟಿ, ಮತ್ತೆ ಸುತ್ತಿಗೆ. 1860ರ ದಶಕದಲ್ಲಿ ಹುಚ್ಚು ಇಳಿಯುವ ವೇಳೆಗೆ ಅನೇಕ ಕೊಳಗಳು ಬರಿದಾಗಿದ್ದವು. ಬಾಲ್ಯದಲ್ಲಿ ಗಾಸನ ಜೊತೆ ಅಲ್ಲೆಲ್ಲ ಅಲೆದಿದ್ದ ಮಗ ಎಡ್ಮಂಡ್, 1907ರ ತನ್ನ ಆತ್ಮಕಥೆಯಲ್ಲಿ ಆ ಸೊಬಗನ್ನು ಇನ್ನು ಯಾರೂ ಕಾಣಲಾರರೆಂದು ಬರೆದ. ಇದಕ್ಕೆ ತನ್ನ ಪುಸ್ತಕಗಳೇ ಕಾರಣವೆಂಬ ಅರಿವು ತಂದೆಯನ್ನು ಕೊರೆದದ್ದನ್ನೂ ಆತ ಮುಚ್ಚಿಡಲಿಲ್ಲ.

ಕಡಲಹೂವು ಸಾಕಲಾಗದ ಪ್ರಾಣಿಯೇನಲ್ಲ. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ 1828ರಲ್ಲಿ ನಾರ್ತ್ ಬೆರಿಕ್ ತೀರದಿಂದ ಒಂದನ್ನು ತಂದು, ನೀರು ಬದಲಿಸುತ್ತ, ಮೃದ್ವಂಗಿಯ ಮಾಂಸ ತಿನ್ನಿಸುತ್ತ ಜಾಡಿಯಲ್ಲಿಟ್ಟಿದ್ದ. ಅದು ನೂರಾರು ಮರಿ ಹಾಕಿತು. 1851ರಲ್ಲಿ ಡಾಲಿಯೆಲ್ ತೀರಿಕೊಂಡ ಮೇಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತ ‘ಅಜ್ಜಿ’ ಎಂದು ಹೆಸರಾಯಿತು. ಅದು ಸತ್ತದ್ದು 1887ರಲ್ಲಿ.