ಕ್ಯಾನ್ಸರ್ ಕೃಶತೆ ಮತ್ತು ರಾಗಿ ಗಂಜಿ: ಜೋಸೆಫ್ ಗೋಲ್ಡ್ ವಾದದ ಮರುಪರಿಶೀಲನೆ

ಕ್ಯಾನ್ಸರ್ ರೋಗಿ ಸೊರಗುವುದು ಬರೀ ಹಸಿವಿನಿಂದಲ್ಲ ಎಂಬುದರಲ್ಲಿ ಈಗ ತಕರಾರಿಲ್ಲ. ಫಿಯರನ್ ಮತ್ತು ಸಂಗಡಿಗರ 2011ರ ವ್ಯಾಖ್ಯೆ ಈ ಕೃಶತೆಯನ್ನು ಕ್ಯಾಕೆಕ್ಸಿಯಾ ಎಂದು ಗುರುತಿಸಿತು. ಅದರ ಮುಖ್ಯ ಅಳತೆ ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಇಳಿಯುವುದು, ಅಸ್ಥಿಪಂಜರದ ಸ್ನಾಯು ಕರಗುವುದು. ಜಗಳವಿರುವುದು ಹಿಟ್ಟಿನ ಪದಾರ್ಥವನ್ನು ಕೊಡಬೇಕೋ ಬೇಡವೋ ಎಂಬಲ್ಲಿ. ಅದು ಗಡ್ಡೆಯನ್ನು ಬೆಳೆಸುತ್ತದೆಂಬ ಭಯ ಹಲವು ಮನೆಗಳಲ್ಲಿದೆ. ಆ ಭಯಕ್ಕೆ ಶಾಸ್ತ್ರದ ಆಸರೆಯಂತೆ ಕಾಣುವುದು ಸಂಶೋಧಕ ಜೋಸೆಫ್ ಗೋಲ್ಡ್ 1968ರಲ್ಲಿ ಮಂಡಿಸಿದ ವಾದ.

ಗಡ್ಡೆ ಗ್ಲೂಕೋಸನ್ನು ಲ್ಯಾಕ್ಟೇಟ್ ಮಾಡಿ ಬಿಡುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಗಡ್ಡೆಗೆ ದಕ್ಕುವುದು ಎಟಿಪಿ ಎಂಬ ಶಕ್ತಿಯ ಅಣು ಎರಡು, ಯಕೃತ್ತು ತೆರುವುದು ಆರು. ಈ ಸೋರಿಕೆಯೇ ದೇಹವನ್ನು ಬರಿದು ಮಾಡುತ್ತದೆಂದು ಗೋಲ್ಡ್ ಎಂದರು. ಸೋರಿಕೆ ನಿಜ. ಆದರೆ ಅದನ್ನು ತಡೆಯಲು ಅವರು ಸೂಚಿಸಿದ ಹೈಡ್ರಜೀನ್ ಸಲ್ಫೇಟ್ ಔಷಧಿ 1994ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳಲ್ಲಿ ಫಲ ಕೊಡಲಿಲ್ಲ. ಹಿಟ್ಟಿನ ಪದಾರ್ಥ ಬಿಟ್ಟರೂ ಸೋರಿಕೆ ನಿಲ್ಲದು: ಹೊರಗಿನ ಪಿಷ್ಟ ನಿಂತಾಗ ಯಕೃತ್ತು ಸ್ನಾಯುವಿನ ಅಮೈನೋ ಆಮ್ಲಗಳಿಂದಲೇ ಗ್ಲೂಕೋಸ್ ಕಟ್ಟುತ್ತದೆ. ಗಡ್ಡೆಯನ್ನು ಉಪವಾಸ ಕೆಡವಲು ಹೋಗಿ ಸ್ನಾಯುವನ್ನೇ ತೆತ್ತಂತಾಗುತ್ತದೆ. ಪಿಷ್ಟ ತೀರಾ ಕಡಿಮೆಯಿರುವ ಕೀಟೋ ಆಹಾರ ಗಡ್ಡೆಯನ್ನು ನಿಧಾನಗೊಳಿಸುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. 2023ರ ಇಲಿ ಪ್ರಯೋಗದಲ್ಲಿ ನಿಧಾನವಾಯಿತು, ನಿಜ. ಕೃಶತೆ ಮಾತ್ರ ಬೇಗ ಬಂತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೇ ಹೊಂದಿಸಲಾಗದು, ಆದರೂ ಗಡ್ಡೆಯ ಗಾತ್ರವೂ ರೋಗಿಯ ಬಲವೂ ಬೇರೆ ಬೇರೆ ಲೆಕ್ಕಗಳೆಂದು ಅದು ತೋರಿಸುತ್ತದೆ.

ಪಿಷ್ಟದ ಈ ಜಗಳಕ್ಕಿಂತ ದೊಡ್ಡ ಸಮಸ್ಯೆ ಪ್ರೋಟೀನ್ ಕೊರತೆ. ಕೋಲಾರ ಜಿಲ್ಲೆಯ ವಕ್ಕಲೇರಿ, ಮಾಲೂರು, ಮುಳಬಾಗಿಲಿನ ಊಟದ ಬುಡ ರಾಗಿ. ಹೊಗೆಸೊಪ್ಪು ಜಗಿದು ಬಾಯಿ ಕ್ಯಾನ್ಸರ್ ಬಂದವರಿಗೆ ಮುದ್ದೆ ನುಂಗಲಾಗದು, ಉಳಿಯುವುದು ಅಂಬಲಿ. ಯುರೋಪಿನ ಪೋಷಣಾ ಸಂಸ್ಥೆಯಾದ ಎಸ್ಪೆನ್ನಿನ ಮಾರ್ಗಸೂಚಿಯಂತೆ 50 ಕೆ.ಜಿ. ತೂಕದವರಿಗೆ ದಿನಕ್ಕೆ 1250–1500 ಕ್ಯಾಲೊರಿ, 50–75 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. 30 ಗ್ರಾಂ ಹಿಟ್ಟಿನ ಒಂದು ಲೋಟ ಅಂಬಲಿಯಲ್ಲಿ ಎರಡೇ ಗ್ರಾಂ. ಹಿಟ್ಟು ಹೆಚ್ಚಿಸಿದರೆ ಗಟ್ಟಿಯಾಗಿ ಗಂಟಲಿಗೆ ಇಳಿಯದು. ಮೊಳಕೆ ಕಟ್ಟಿದ ರಾಗಿಯ ಅಮೈಲೇಸ್ ಪಿಷ್ಟವನ್ನು ಒಡೆಯುವುದರಿಂದ ಅಷ್ಟೇ ಹಿಟ್ಟಿನ ಗಂಜಿ ತೆಳುವಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐಯ ಮಲ್ಲೇಶಿ ಮತ್ತು ದೇಶಿಕಾಚಾರ್ ಈ ಗುಣವನ್ನು ಕೂಸುಗಳ ಆಹಾರಕ್ಕೆ ಬಳಸಿದರು. ರೋಗಿಯ ದಿನದ ಮೊಳಕೆ ರಾಗಿ ಗಂಜಿಗೆ ಹುರುಳಿ ಹಿಟ್ಟು, ಅರ್ಧ ಲೀಟರ್ ಹಾಲು ಬೆರೆಸಿದರೆ ಹಾಲೊಂದರಿಂದಲೇ ಸುಮಾರು 16 ಗ್ರಾಂ ಪ್ರೋಟೀನ್ ಸೇರುತ್ತದೆ. ಉರಿಯೂತದಿಂದ ಸ್ನಾಯು ಕರಗುವುದನ್ನು ಇದು ತಡೆಯುತ್ತದೆಂದು ನಾನು ಹೇಳುತ್ತಿಲ್ಲ. ಬಾಯಿ ಕ್ಯಾನ್ಸರಿನಲ್ಲಾದರೂ ಹಸಿವಿನ ಪಾಲನ್ನು ಇಳಿಸಬಲ್ಲದು ಎಂಬಷ್ಟೇ ನನ್ನ ವಾದ. ಕೂಸಿಗೆ ಒಗ್ಗಿದ್ದು ರೋಗಿಗೂ ಒಗ್ಗುತ್ತದೆಯೇ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು. ಕೋಲಾರದ ಟಮಕದ ವೈದ್ಯಕೀಯ ಕಾಲೇಜು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಅದನ್ನು ಕೈಗೆತ್ತಿಕೊಳ್ಳಲಿ.